ಬೆಸುಗೆಯ ಪಕ್ಕದ ಗೆರೆ

ಕಾಫಿ ಕೊಯ್ಲು ಶುರುವಾಗಿ ತಿಂಗಳಾಗುವಷ್ಟರಲ್ಲಿ ನೆಲ್ಯಹುದಿಕೇರಿಯ ವೆಲ್ಡಿಂಗ್ ಶಾಪಿನವರಿಗೆ ಉಸಿರಾಡಲು ಬಿಡುವಿರುವುದಿಲ್ಲ. ತೋಟದ ಟ್ರೈಲರ್, ಪಿಕಪ್ ಜೀಪಿನ ಕ್ಯಾರಿಯರ್, ಪಲ್ಪರ್ ಕೂರಿಸುವ ಕಬ್ಬಿಣದ ಚೌಕಟ್ಟು, ಹೀಗೆ ಒಂದಲ್ಲ ಒಂದು ತುಂಡಾಗಿ ಬಂದು ಬಾಗಿಲಲ್ಲಿ ನಿಂತಿರುತ್ತದೆ. ಜನವರಿಯ ಒಂದು ಬೆಳಿಗ್ಗೆ ಮನೆಯ ಗೇಟಿನ ಕೊಂಡಿ ಹಿಡಿದು ನಾನು ಅಲ್ಲಿಗೆ ಹೋದಾಗ ಟ್ರೈಲರೊಂದರ ಮೂತಿ, ಅಂದರೆ ಟ್ರ್ಯಾಕ್ಟರಿಗೆ ಸಿಗಿಸುವ ಮುಂಭಾಗ, ಎರಡು ತುಂಡಾಗಿ ನೆಲದ ಮೇಲಿತ್ತು. ಹಿಂದಿನ ವರ್ಷವಷ್ಟೇ ಅಲ್ಲೇ ಬೆಸೆದದ್ದು. ಟ್ರೈಲರಿನ ಯಜಮಾನರು ಮಾತಾಡದೆ ನಿಂತಿದ್ದರು. ವೆಲ್ಡರ್ ನನ್ನ ಕಡೆ ತಿರುಗಿ, "ಸಾರ್, ನೀವೇ ನೋಡಿ ಹೇಳಿ. ನನ್ನ ವೆಲ್ಡಿಂಗ್ ಎಲ್ಲಾದರೂ ಬಿಟ್ಟಿದೆಯಾ? ಅದರ ಪಕ್ಕದಲ್ಲಿ ತಾನೇ ತುಂಡಾಗಿರೋದು?" ಎಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ಬೆಸುಗೆ ಗಟ್ಟಿಯಾಗಿಯೇ ಕೂತಿತ್ತು. ಅದು ಮುಗಿದು ಬರಿಯ ಕಬ್ಬಿಣ ಶುರುವಾಗುವ ಗೆರೆಯಲ್ಲಿ, ಚಾಕುವಿನಿಂದ ಕೊಯ್ದ ಹಾಗೆ, ಮೂತಿ ಕಳಚಿತ್ತು. ಮುರಿದ ಮುಖವನ್ನು ಬಟ್ಟೆಯಿಂದ ಒರೆಸಿ ಬಿಸಿಲಿಗೆ ಹಿಡಿದೆ. ಮುಕ್ಕಾಲು ಪಾಲು ನಯವಾಗಿತ್ತು. ಆ ನಯದ ಮೇಲೆ ಒಂದು ಮೂಲೆಯಿಂದ ಹೊರಟು ದೊಡ್ಡದಾಗುತ್ತ ಹೋದ ಕಮಾನಿನಂಥ ಗೆರೆಗಳು. ಉಳಿದ ಕಾಲು ಭಾಗ ಮಾತ್ರ ಒಡೆದ ಬೆಲ್ಲದ ಅಚ್ಚಿನಂತೆ ತರಿತರಿ. ಆ ಕಾಲು ಭಾಗ ಮುರಿದದ್ದು ಹಿಂದಿನ ದಿನ. ನಯವಾದ ಮುಕ್ಕಾಲು ಭಾಗ ಎಷ್ಟೋ ತಿಂಗಳಿಂದ ಕೂದಲೆಳೆಯಷ್ಟೆ ತೆರೆಯುತ್ತ ಬಂದಿತ್ತು.

ಇಂಥ ಗೆರೆಗಳನ್ನು ನಮ್ಮೂರಿನವರಿಗೆ ವಿವರಿಸುವುದು ಸುಲಭ. ಮಳೆಗಾಲ ಮುಗಿದು ಕಾವೇರಿ ಇಳಿಯುವಾಗ ದಂಡೆಯ ಮೇಲೆ ಒಂದರ ಕೆಳಗೊಂದರಂತೆ ಕೆಸರಿನ ಗೆರೆ ಬಿಟ್ಟು ಹೋಗುತ್ತಾಳೆ. 2019ರ ಆಗಸ್ಟಿನಲ್ಲಿ ಹೊಳೆ ಬದಿಯ ಮನೆಗಳನ್ನೇ ಕೊಂಡೊಯ್ದಳು. ನಿಂತ ಗೋಡೆಗಳ ಮೇಲಿನ ಗೆರೆ ನೋಡಿಯೇ ನೀರು ಎಲ್ಲಿಯವರೆಗೆ ಬಂದಿತ್ತು, ಎಲ್ಲೆಲ್ಲಿ ತಂಗಿ ತಂಗಿ ಇಳಿಯಿತು ಎಂದು ಹೇಳಬಹುದಿತ್ತು. ಕಬ್ಬಿಣದ ಮೇಲಿನ ಗೆರೆಗಳೂ ಹಾಗೆಯೇ. ಬಿರುಕು ಎಲ್ಲಿ ಹುಟ್ಟಿತು, ಎಲ್ಲಿ ತಂಗಿತು, ಯಾವಾಗ ಓಡತೊಡಗಿತು, ಎಲ್ಲವೂ ಬರೆದಿಟ್ಟಂತೆ ಇರುತ್ತದೆ. ಇಂಗ್ಲಿಷಿನಲ್ಲೂ ಇವುಗಳ ಹೆಸರು ಕಡಲ ದಂಡೆಯ ಗುರುತು ಎಂದೇ.

ನಾನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹಡಗುಗಳ ಒಡಲಿನ ಲೆಕ್ಕ ಹಾಕುತ್ತ ಕೂತವನು. ಕಡಲಿಲ್ಲದ ಕೊಡಗಿನ ಈ ಊರಿಗೆ ಮರಳಿದ ಮೇಲೂ ಮುರಿದ ಕಬ್ಬಿಣ ಕಂಡರೆ ಕೈ ಸುಮ್ಮನಿರುವುದಿಲ್ಲ. ಬೆಸೆದ ಹಡಗಿನಲ್ಲಿ ಲೋಹದ ದಣಿವನ್ನು ಅಳೆಯುವ ಕಸುಬು ನನ್ನ ಮಟ್ಟಿಗೆ ಎಂಜಿನಿಯರಿಂಗಿನಲ್ಲಿ ಅತ್ಯಂತ ತಾಳ್ಮೆಯದು. ಅದರ ಪರಿಚಯ ಮಾಡಿಕೊಡಬೇಕೆಂಬ ಆಸೆ ಬಹಳ ದಿನದ್ದು. ಆ ಮೂತಿ ನೆಪವಾಯಿತು.

ಮೊದಲು 'ದಣಿವು' ಎಂಬ ಮಾತಿನ ಬಗ್ಗೆ. ಮೂಟೆ ಹೊತ್ತು ದಣಿದ ಆಳು ಒಂದು ರಾತ್ರಿ ಮಲಗೆದ್ದರೆ ಮೊದಲಿನಂತಾಗುತ್ತಾನೆ. ಕಬ್ಬಿಣಕ್ಕೆ ಆ ಭಾಗ್ಯವಿಲ್ಲ. ಹತ್ತು ವರ್ಷ ಶೆಡ್ಡಿನಲ್ಲಿ ಮಲಗಿಸಿದರೂ ಬಿರುಕು ನಿಂತಲ್ಲೇ ನಿಂತು, ಮತ್ತೆ ಹೊರೆ ಬಿದ್ದ ದಿನ ಅಲ್ಲಿಂದಲೇ ಮುಂದುವರಿಯುತ್ತದೆ. ಹಾಗೆಯೇ ಇದು ಅತಿ ಭಾರಕ್ಕೆ ಮುರಿಯುವ ಕತೆಯೂ ಅಲ್ಲ. ಧಾರಾಳವಾಗಿ ತಾಳಿಕೊಳ್ಳಬಲ್ಲ ಭಾರವೇ ಹತ್ತು ಲಕ್ಷ ಸಲ ಬಂದು ಹೋದರೆ ಕಬ್ಬಿಣ ಸೋಲುತ್ತದೆ. 1842ರಲ್ಲಿ ಫ್ರಾನ್ಸಿನ ವರ್ಸಾಯ್ ಬಳಿ ರೈಲು ಎಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತಾಗ ಯುರೋಪು ಬೆಚ್ಚಿತು. ಆಮೇಲೆ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ವರ್ಷಗಟ್ಟಲೆ ಅಚ್ಚುಗಳನ್ನು ತಿರುಗಿಸಿ, ಬಾಗಿಸಿ, ಎಷ್ಟು ಏರಿಳಿತಕ್ಕೆ ಎಷ್ಟು ಸುತ್ತು ಬಾಳುತ್ತದೆ ಎಂದು ಬರೆದಿಟ್ಟ. ಇವತ್ತಿಗೂ ನಾವು ಬಳಸುವುದು ಅವನ ಮಾದರಿಯ ನಕ್ಷೆಯನ್ನೇ.

ಈಗ ಹಡಗಿಗೆ ಬರೋಣ. ಹಡಗಿನ ಒಡಲನ್ನು ಒಂದು ಉದ್ದನೆಯ ತೊಲೆ ಎಂದುಕೊಳ್ಳಿ. ಅಲೆಯ ನೆತ್ತಿ ನಡುವಿಗೆ ಬಂದಾಗ ಎರಡೂ ತುದಿ ಜೋಲುತ್ತವೆ, ಡೆಕ್ಕು ಎಳೆತಕ್ಕೆ ಸಿಗುತ್ತದೆ. ನೆತ್ತಿಗಳು ತುದಿಗಳಿಗೆ ಸರಿದಾಗ ನಡು ಜೋತು ಡೆಕ್ಕು ಅದುಮಿಕೊಳ್ಳುತ್ತದೆ. ಹೆಚ್ಚುಕಡಿಮೆ ಎಂಟು ಸೆಕೆಂಡಿಗೊಮ್ಮೆ ಇದು ನಡೆಯುತ್ತದೆ ಅನ್ನಿ. ಇಪ್ಪತ್ತೈದು ವರ್ಷದಲ್ಲಿ ಸುಮಾರು 79 ಕೋಟಿ ಸೆಕೆಂಡು. ಬಂದರಿನಲ್ಲಿ ನಿಂತ ದಿನಗಳನ್ನು ಕಳೆದರೂ ಒಂದು ಹಡಗು ತನ್ನ ಆಯುಷ್ಯದಲ್ಲಿ ಎಂಟು ಕೋಟಿಗಿಂತ ಹೆಚ್ಚು ಸಲ ಬಾಗಿ ನೆಟ್ಟಗಾಗುತ್ತದೆ. ಇದರ ಜೊತೆಗೆ ಪಕ್ಕದ ತಗಡುಗಳ ಮೇಲೆ ನೀರಿನ ಒತ್ತಡ ಬೇರೆ, ಅಲೆ ಏರಿದಾಗ ಹೆಚ್ಚು, ಇಳಿದಾಗ ಕಡಿಮೆ.

ಇದು ಎಲ್ಲೋ ದೂರದ ಸಂಗತಿಯಲ್ಲ. ನಮ್ಮ ಮಲ್ಪೆಯಲ್ಲಿ ಹಡಗು ಕಟ್ಟುತ್ತಾರೆ. ಮೊದಲು ಟೆಬ್ಮಾ ಎಂಬ ಹೆಸರಿದ್ದ ಯಾರ್ಡನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ತೆಗೆದುಕೊಂಡಿತು. ಈಗ ಅದು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್. ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆಯುವ ಟಗ್‌ಗಳ ಜೊತೆಗೆ ನಾರ್ವೆಯ ವಿಲ್ಸನ್ ಕಂಪನಿಗೆ 3,800 ಟನ್ ಹೊರುವ ಸರಕು ಹಡಗುಗಳನ್ನು ಕಟ್ಟುವ ಕೆಲಸವೂ 2023ರಲ್ಲಿ ಅದಕ್ಕೆ ಸಿಕ್ಕಿತು. ಯುರೋಪಿನ ಕರಾವಳಿಯ ಚಳಿಗಾಲದ ಅಲೆಗಳ ಏಟು ತಿನ್ನಬೇಕಾದ ಬೆಸುಗೆ ನಮ್ಮ ಕರಾವಳಿಯಲ್ಲಿ ಬೀಳುತ್ತಿದೆ ಎಂದು ಓದಿದಾಗ ನನಗೆ ಆದ ಸಂತೋಷ ಸಣ್ಣದಲ್ಲ.

ಇಷ್ಟಕ್ಕೂ ಬೆಸುಗೆಯ ಪಕ್ಕದಲ್ಲೇ ಏಕೆ? ಬೆಸುಗೆ ಹೊರಗಿನಿಂದ ಎಷ್ಟೇ ಚೆಂದ ಕಂಡರೂ ಅದು ತಗಡನ್ನು ಸೇರುವ ಅಂಚು, ಕಸುಬಿನವರು 'ಟೋ' ಅನ್ನುವ ಜಾಗ, ಸೂಕ್ಷ್ಮದರ್ಶಕದಲ್ಲಿ ಬೇರೆಯೇ ಲೋಕ. ಅಲ್ಲಿ ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು ಆಳಕ್ಕೆ ಕಿಟ್ಟ ಹೊಕ್ಕಿರುತ್ತದೆ, ಸಣ್ಣ ಕೊರಕಲು ಇರುತ್ತದೆ. ಅಂದರೆ ಬಿರುಕು ಹುಟ್ಟಬೇಕಾಗಿಲ್ಲ, ಹುಟ್ಟಿಯೇ ಇದೆ. ಜೊತೆಗೆ ಬೆಸುಗೆಯಲ್ಲಿ ಕರಗಿದ ಲೋಹ ತಣಿಯುತ್ತ ಕುಗ್ಗಲು ಹೋಗುತ್ತದೆ, ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ. ಈ ಜಗ್ಗಾಟದಿಂದ ಹೊರಗಿನ ಹೊರೆ ಒಂದಿಷ್ಟೂ ಇಲ್ಲದಾಗಲೂ ಅಂಚು ಬಿಗಿದುಕೊಂಡೇ ಇರುತ್ತದೆ, ಕೆಲವೊಮ್ಮೆ ಕಬ್ಬಿಣ ತಾಳುವ ಮಿತಿಯವರೆಗೂ. ಹಾಗಾಗಿ ಅಲೆ ತಗಡನ್ನು ಅದುಮಿದರೂ ಆ ಅಂಚಿನಲ್ಲಿ ಎಳೆತವೇ ಉಳಿದಿರುತ್ತದೆ. ಬೆಸುಗೆಯ ಲೆಕ್ಕದಲ್ಲಿ ಹೊರೆ ಎಷ್ಟು ದೊಡ್ಡದು ಎಂಬುದಕ್ಕಿಂತ ಎಷ್ಟು ಏರಿ ಎಷ್ಟು ಇಳಿಯಿತು ಎಂಬುದೇ ಮುಖ್ಯವಾಗುವುದು ಇದಕ್ಕೇ.

ಇದರಿಂದ ಒಂದು ಕಹಿ ಸತ್ಯ ಹೊರಡುತ್ತದೆ. ಹೆಚ್ಚು ಬಲದ ದುಬಾರಿ ಉಕ್ಕು ತಂದು ಬೆಸೆದರೆ ದಣಿವಿನ ಆಯುಷ್ಯ ಹೆಚ್ಚುವುದಿಲ್ಲ. ಬೆಳೆಯುತ್ತಿರುವ ಬಿರುಕಿಗೆ ಸಾದಾ ಉಕ್ಕೂ ಒಂದೇ, ಬಲದ ಉಕ್ಕೂ ಒಂದೇ, ಓಟದ ವೇಗದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಬಲವಿದೆಯೆಂದು ತಗಡನ್ನು ತೆಳುಮಾಡಿದರೆ ಒತ್ತಡದ ಏರಿಳಿತ ಹೆಚ್ಚಿ ಆಯುಷ್ಯ ಕುಸಿಯುತ್ತದೆ. ಅಲಾಸ್ಕಾದಿಂದ ಎಣ್ಣೆ ತರುತ್ತಿದ್ದ ಭಾರಿ ಟ್ಯಾಂಕರುಗಳ ಪಕ್ಕೆಗಳಲ್ಲಿ ಕಾಣಿಸಿಕೊಂಡ ಬಿರುಕುಗಳು ಹಡಗು ಕಟ್ಟುವವರಿಗೆ ಈ ಪಾಠ ಕಲಿಸಿದವು.

ಲೆಕ್ಕ ಹಾಕುವುದು ಹೇಗೆ? ಅಂಚಿನ ತೀರ ತುದಿಯಲ್ಲಿ ಒತ್ತಡ ಅಳೆಯಲು ಹೋದರೆ ಅರ್ಥವಿಲ್ಲದ ಸಂಖ್ಯೆ ಬರುತ್ತದೆ, ಏಕೆಂದರೆ ಅಲ್ಲಿ ಕೊರಕಲಿನ ಆಕಾರವೇ ಎಲ್ಲವನ್ನೂ ಆಳುತ್ತದೆ. ಅದಕ್ಕೆ ನಮ್ಮವರು ಒಂದು ಜಾಣ ದಾರಿ ಕಂಡುಕೊಂಡಿದ್ದಾರೆ. ತುಸು ದೂರ ನಿಂತು ನೋಡಿ ಊಹಿಸುವುದು. ತಗಡು 20 ಮಿಲಿಮೀಟರ್ ದಪ್ಪವಿದ್ದರೆ ಅಂಚಿನಿಂದ 8 ಮಿಲಿಮೀಟರಿಗೆ ಒಂದು ಅಳತೆ, 20 ಮಿಲಿಮೀಟರಿಗೆ ಇನ್ನೊಂದು. ಎರಡೂ ಬಿಂದುವಿಗೆ ಗೆರೆ ಎಳೆದು ಅಂಚಿನವರೆಗೆ ಚಾಚಿದರೆ ಸಿಗುವುದು ಆ ಜಾಗದ ಒತ್ತಡ. ದೂರದ ಬಿಂದುವಿನಲ್ಲಿ ಚದರ ಮಿಲಿಮೀಟರಿಗೆ 60 ನ್ಯೂಟನ್, ಹತ್ತಿರದ್ದರಲ್ಲಿ 66 ಇದ್ದರೆ ಅಂಚಿನಲ್ಲಿ 70. ಇದನ್ನು 'ಹಾಟ್ ಸ್ಪಾಟ್' ಅನ್ನುತ್ತಾರೆ, ಬಿಸಿಗೂ ಅದಕ್ಕೂ ಸಂಬಂಧವಿಲ್ಲ.

ಆಮೇಲೆ ನಕ್ಷೆ ನೋಡುವುದು. ಅಂತಾರಾಷ್ಟ್ರೀಯ ವೆಲ್ಡಿಂಗ್ ಸಂಸ್ಥೆಯ ಶಿಫಾರಸಿನಲ್ಲಿ ಹೊರೆ ಹೊರುವ ಮೂಲೆಬೆಸುಗೆಯ ಅಂಚಿಗೆ 90ರ ದರ್ಜೆ. ಒತ್ತಡ ಪ್ರತಿ ಸಲವೂ 90ರಷ್ಟು ಏರಿಳಿದರೆ 20 ಲಕ್ಷ ಸಲ ಬಾಳುತ್ತದೆ ಎಂದು ಅದರರ್ಥ. ನಮ್ಮ 70ಕ್ಕೆ ಸುಮಾರು 42 ಲಕ್ಷ. ಒತ್ತಡವನ್ನು 90ರ ಅರ್ಧಕ್ಕೆ, ಅಂದರೆ 45ಕ್ಕೆ ಇಳಿಸಿದರೆ ಆಯುಷ್ಯ ಎಂಟು ಪಟ್ಟಾಗಿ ಒಂದು ಕೋಟಿ ಅರವತ್ತು ಲಕ್ಷ. ಇಮ್ಮಡಿಸಿ 180 ಮಾಡಿದರೆ ಬರೀ ಎರಡೂವರೆ ಲಕ್ಷ. ಈ ಘನದ ನಿಯಮವನ್ನು ಒಮ್ಮೆ ಮೈಗೂಡಿಸಿಕೊಂಡವರು ಹಡಗಿನ ನಕ್ಷೆಯಲ್ಲಿ ಒಂದು ಮೂಲೆಯನ್ನು ದುಂಡಗೆ ಮಾಡಲು ವಾರಗಟ್ಟಲೆ ಜಗಳವಾಡುತ್ತಾರೆ. ಶೇಕಡಾ ಇಪ್ಪತ್ತು ಒತ್ತಡ ಇಳಿದರೂ ಆಯುಷ್ಯ ಸುಮಾರು ಎರಡು ಪಟ್ಟು.

ಆದರೆ ಕಡಲು ಒಂದೇ ಅಳತೆಯ ಅಲೆ ಕಳಿಸುವುದಿಲ್ಲ. ಸಣ್ಣ ಅಲೆಯ ಬೆನ್ನ ಮೇಲೆ ದೊಡ್ಡ ಅಲೆ, ಅದರ ನಡುವೆ ಇನ್ನೊಂದು. ಒತ್ತಡದ ನಕ್ಷೆ ಬೆಟ್ಟಸಾಲಿನ ಹಾಗೆ ಅಡ್ಡಾದಿಡ್ಡಿ. ಇದರಲ್ಲಿ ಯಾವುದನ್ನು ಒಂದು ಏರಿಳಿತವೆಂದು ಎಣಿಸುವುದು? ಇದಕ್ಕೆ ಉತ್ತರ ಕೊಟ್ಟವರು ಜಪಾನಿನ ಮತ್ಸುಇಶಿ ಮತ್ತು ಎಂಡೊ, 1968ರಲ್ಲಿ. ನನಗೆ ಈ ಕಸುಬಿನಲ್ಲಿ ಅತ್ಯಂತ ಪ್ರಿಯವಾದ ಭಾಗ ಇದೇ. ಅವರು ಉತ್ತರ ಕಂಡದ್ದು ಪಗೋಡದ ಅಂತಸ್ತು ಅಂತಸ್ತಿನ ಮಾಡಿನ ಮೇಲೆ ಇಳಿಯುವ ಮಳೆನೀರಿನಲ್ಲಿ. ವಿಧಾನದ ಹೆಸರೇ 'ಮಳೆಹರಿವು'.

ಹೆಂಚಿನ ಮನೆಯಲ್ಲಿ ಜೂನ್ ಜುಲೈ ಕಳೆದವರಿಗೆ ಇದನ್ನು ಕಲಿಸಬೇಕಾಗಿಲ್ಲ. ಮೇಲಿನ ಮಾಡಿನಿಂದ ನೀರು ಜಾರಿ, ಸೂರಿನ ಅಂಚಿನಿಂದ ಧುಮುಕಿ, ಕೆಳಗಿನ ಜಗಲಿಯ ಮಾಡಿಗೆ ಬಿದ್ದು ಮತ್ತೆ ಹರಿಯುತ್ತದೆ. ಒತ್ತಡದ ನಕ್ಷೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿ, ಕಾಲ ಮೇಲಿನಿಂದ ಕೆಳಗೆ ಸಾಗುವಂತೆ. ಪ್ರತಿ ಏರು, ಪ್ರತಿ ಇಳಿತ ಒಂದೊಂದು ಇಳಿಜಾರು ಮಾಡು. ಪ್ರತಿ ಮೂಲೆಯಿಂದ ಒಂದು ಹನಿ ಬಿಡಿ. ಅದು ಹರಿಯುತ್ತದೆ, ಸೂರಿನಿಂದ ಕೆಳಗಿನ ಮಾಡಿಗೆ ಬೀಳುತ್ತದೆ, ಮೇಲಿನಿಂದ ಬಂದ ಇನ್ನೊಂದು ಹರಿವು ಅಡ್ಡ ಬಂದರೆ ಅಲ್ಲೇ ನಿಲ್ಲುತ್ತದೆ. ಒಂದೊಂದು ಹನಿ ಅಡ್ಡಕ್ಕೆ ಸಾಗಿದ ದೂರ ಅರ್ಧ ಏರಿಳಿತ.

ಇದರಿಂದೇನು ಲಾಭ ಎಂದು ಒಂದು ಸಣ್ಣ ಲೆಕ್ಕದಲ್ಲಿ ತೋರಿಸುತ್ತೇನೆ. ಒತ್ತಡ ಸೊನ್ನೆಯಿಂದ 70ಕ್ಕೆ ಏರಿತು, 40ಕ್ಕೆ ಇಳಿಯಿತು, 100ಕ್ಕೆ ಏರಿತು, ಮತ್ತೆ ಸೊನ್ನೆಗೆ ಬಂತು. ಕಣ್ಣಿಗೆ ಕಂಡಂತೆ ಎಣಿಸಿದರೆ 70, 30, 60, 100 ಎಂಬ ನಾಲ್ಕು ಅರ್ಧ ಏರಿಳಿತ. ಒಂದೊಂದರ ಘನ ತೆಗೆದು ಕೂಡಿಸಿ ಅರ್ಧ ಮಾಡಿದರೆ 7,93,000. ಮಳೆಹರಿವಿನಲ್ಲಿ ಎಣಿಸಿದರೆ 70ರಲ್ಲಿ ತುಸು ತಡೆದ ಏರು ಕಳೆದುಹೋಗುವುದಿಲ್ಲ. ಸೊನ್ನೆಯಿಂದ 100ರವರೆಗೆ ಒಂದು ಪೂರ್ಣ ಏರಿಳಿತ, ಅದರ ಹೊಟ್ಟೆಯೊಳಗೆ 30ರ ಒಂದು ಪುಟ್ಟ ಏರಿಳಿತ. ಮೊತ್ತ 10,27,000. ಮೊದಲನೆಯವರು ಹಾನಿಯ ಕಾಲು ಭಾಗದಷ್ಟನ್ನು ಕಾಣದೇ ಹೋದರು. ನಡುವೆ ಸ್ವಲ್ಪ ಹಿಂಜರಿದ ಮಾತ್ರಕ್ಕೆ ಕಬ್ಬಿಣ ತಾನು ಹತ್ತುತ್ತಿದ್ದ ಬೆಟ್ಟವನ್ನು ಮರೆಯುವುದಿಲ್ಲ ಎಂಬುದನ್ನು ಇಬ್ಬರು ಮನುಷ್ಯರು ಸೂರಿನ ನೀರಿನಲ್ಲಿ ಓದಿಕೊಂಡರಲ್ಲ!

ಹೀಗೆ ವಿಂಗಡಿಸಿದ ಏರಿಳಿತಗಳನ್ನು ಕೂಡಿಸುವ ನಿಯಮ ಇನ್ನೂ ಹಳೆಯದು. 1924ರಲ್ಲಿ ಸ್ವೀಡನ್ನಿನ ಪಾಲ್ಮ್‌ಗ್ರೆನ್ ಬಾಲ್ ಬೇರಿಂಗಿಗೆ ಹೇಳಿದ್ದು, 1945ರಲ್ಲಿ ಅಮೆರಿಕದ ಮೈನರ್ ವಿಮಾನಕ್ಕೆ ಹೇಳಿದ್ದು. ಪ್ರತಿ ಏರಿಳಿತ ಆಯುಷ್ಯದ ಗಂಟಿನಿಂದ ತನ್ನ ಪಾಲನ್ನು ಖರ್ಚು ಮಾಡುತ್ತದೆ, ಖರ್ಚು ಒಂದು ಪೂರ್ತಿಯಾದಾಗ ಗಂಟು ಬರಿದು. ಲೆಕ್ಕ ಮುಗಿಸಿದಾಗ ಕಾಣುವ ಸಂಗತಿ ಹೊಸಬರನ್ನು ಬೆರಗುಗೊಳಿಸುತ್ತದೆ. ಹಡಗಿನ ಆಯುಷ್ಯವನ್ನು ತಿನ್ನುವುದು ಪತ್ರಿಕೆಗಳಲ್ಲಿ ಬರುವ ಬಿರುಗಾಳಿಯ ಹೆದ್ದೆರೆಯಲ್ಲ, ಅದು ಇಪ್ಪತ್ತೈದು ವರ್ಷಕ್ಕೆ ಕೆಲವೇ ಸಲ. ನೂರು ಅಲೆಗೊಮ್ಮೆ ಬರುವಂಥ ಮಧ್ಯಮ ಅಲೆಗಳೇ ಹೆಚ್ಚು ತಿನ್ನುತ್ತವೆ. ಹಡಗು ವರ್ಗೀಕರಣ ಸಂಸ್ಥೆಗಳ ಸಮಾನ ನಿಯಮಾವಳಿಯೂ ಆ ಮಟ್ಟದ ಅಲೆಯನ್ನೇ ಹಿಡಿದು ಲೆಕ್ಕ ಹಾಕಿಸುತ್ತದೆ.

ವಿಮಾನದವರಿಗೆ ಒಂದು ಅನುಕೂಲವಿದೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ ಇಡೀ ವಿಮಾನವನ್ನೇ ಚೌಕಟ್ಟಿನಲ್ಲಿ ನಿಲ್ಲಿಸಿ ರೆಕ್ಕೆಗಳನ್ನು ಬಾಗಿಸಿ ಬಾಗಿಸಿ ಪರೀಕ್ಷಿಸಬಹುದು. ಹಡಗಿಗೆ ಅಂಥ ಚೌಕಟ್ಟು ಎಲ್ಲಿಂದ ತರುವುದು? ಕಡಲಿಗಿಳಿದ ಹಡಗೇ ಪರೀಕ್ಷೆ. ಅದಕ್ಕೇ ನಮ್ಮ ಲೆಕ್ಕಕ್ಕಿಂತ ಸರ್ವೇಯರುಗಳ ಕಣ್ಣಿನ ಮೇಲೆ ನನಗೆ ಗೌರವ ಹೆಚ್ಚು. ಐದು ವರ್ಷಕ್ಕೊಮ್ಮೆ ದೊಡ್ಡ ತಪಾಸಣೆ. ಮುಂಬಯಿಯಲ್ಲಿ 1975ರಲ್ಲಿ ಶುರುವಾದ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್‌ನಂಥ ಸಂಸ್ಥೆಗಳ ಸರ್ವೇಯರುಗಳು ಹಡಗಿನ ತೂಕಕ್ಕೆ ಕಡಲ ನೀರು ತುಂಬುವ ಬ್ಯಾಲಸ್ಟ್ ಟ್ಯಾಂಕಿನ ಬಿಲದಂಥ ಬಾಯಿಯಿಂದ ಇಳಿಯುತ್ತಾರೆ. ಇಳಿಯುವ ಮೊದಲು ಒಳಗಿನ ಆಮ್ಲಜನಕ ಅಳೆಯಬೇಕು, ತುಕ್ಕು ಹಿಡಿಯುವ ಕಬ್ಬಿಣವೇ ಮುಚ್ಚಿದ ಟ್ಯಾಂಕಿನ ಗಾಳಿಯಿಂದ ಅದನ್ನು ತಿಂದಿರುತ್ತದೆ. ಒಳಗೆ ಕಗ್ಗತ್ತಲು, ಮೊಣಕಾಲುದ್ದ ಕೆಸರು, ನೂರಾರು ಒಂದೇ ತರದ ಮೂಲೆಗಳು.

ನಾನು ಒಮ್ಮೆ ಒಬ್ಬ ಹಿರಿಯ ಸರ್ವೇಯರ ಹಿಂದೆ ಇಳಿದಿದ್ದೆ. ಅವರು ಎಲ್ಲ ಮೂಲೆಗಳನ್ನೂ ನೋಡಲಿಲ್ಲ. ನೀರಿನ ಮಟ್ಟದಿಂದ ತುಸು ಕೆಳಗೆ, ಪಕ್ಕದ ತಗಡಿನ ಉದ್ದಪಟ್ಟಿಗಳು ಅಡ್ಡಚೌಕಟ್ಟನ್ನು ದಾಟುವ ಕಡೆ, ಬ್ರಾಕೆಟಿನ ತುದಿಗೆ ನೇರವಾಗಿ ಹೋದರು. ಅಲೆಯ ಒತ್ತಡ ಅತಿ ಹೆಚ್ಚು ಏರಿಳಿಯುವ ಪಟ್ಟಿ ಅದೇ. ಟಾರ್ಚನ್ನು ಎದುರಿಗೆ ಹಿಡಿಯದೆ ತಗಡಿಗೆ ಒರಗಿಸಿ ಓರೆಯಾಗಿ ಹಿಡಿದರು. ಬಣ್ಣದ ಮೇಲೆ ಎಳೆಯಷ್ಟು ತೆಳುವಾದ ಕೆಂಗಂದು ಒಸರು ಕಂಡಿತು. ಬಿರುಕು ತೆರೆದು ಮುಚ್ಚಿ ಮಾಡುವಾಗ ಒಳಗಿನ ತುಕ್ಕನ್ನು ಹೊರಗೆ ಉಗುಳುತ್ತದೆ. ಬಣ್ಣ ಕೆರೆದು, ಕೆಂಪು ದ್ರವ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಬಿಳಿ ಪುಡಿ ಸಿಂಪಡಿಸಿದರು. ನಿಮಿಷಗಳಲ್ಲಿ ಬಿಳುಪಿನ ಮೇಲೆ ಕೆಂಪು ಗೆರೆ ಮೂಡಿತು. ಅದರ ಎರಡೂ ತುದಿಗೆ ಒಂದೊಂದು ಚುಕ್ಕೆ ಇಟ್ಟು, ಪಕ್ಕದಲ್ಲಿ ತಾರೀಖು ಬರೆದರು. ಆಮೇಲಷ್ಟೇ ಮಾತಾಡಿದರು.

ಕಣ್ಣು ಹಾಯಿಸಬೇಕಾದಲ್ಲಿ ಹಾಯಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಸುಬಿನವರೆಲ್ಲ ತಲೆ ತಗ್ಗಿಸಿ ನೆನೆಯುವ ದಿನ 1980ರ ಮಾರ್ಚ್ 27. ಉತ್ತರ ಸಮುದ್ರದಲ್ಲಿ ಕೆಲಸಗಾರರ ವಸತಿಯಾಗಿದ್ದ ಅಲೆಕ್ಸಾಂಡರ್ ಕೀಲಂಡ್ ಎಂಬ ತೇಲುವ ವೇದಿಕೆಯ ಐದು ಕಾಲುಗಳಲ್ಲಿ ಒಂದು ಸಂಜೆಯ ಬಿರುಗಾಳಿಗೆ ಕಳಚಿತು. ಅರ್ಧ ಗಂಟೆಯೊಳಗೆ ವೇದಿಕೆ ತಲೆಕೆಳಗಾಯಿತು. 212 ಜನರಲ್ಲಿ 123 ಜನ ಸತ್ತರು. ತನಿಖೆ ಮಾಡಿದಾಗ ಬಿರುಕಿನ ಜಾಡು ಹೋಗಿ ಮುಟ್ಟಿದ್ದು ನೀರೊಳಗಿನ ಸದ್ದು ಕೇಳುವ ಹೈಡ್ರೋಫೋನ್ ಎಂಬ ಪುಟ್ಟ ಉಪಕರಣದ ಹಿಡಿಕೆಗೆ. ಅದನ್ನು ಆ ಕಾಲನ್ನು ಹಿಡಿದಿದ್ದ ದೊಡ್ಡ ಕೊಳವೆಯೊಂದಕ್ಕೆ ಬರೀ 6 ಮಿಲಿಮೀಟರಿನ ಬೆಸುಗೆಯಿಂದ ಕೂರಿಸಿದ್ದರು. ಹೊರೆ ಹೊರುವ ಭಾಗವಲ್ಲವಾದ್ದರಿಂದ ಅದನ್ನು ಯಾರೂ ಗಂಭೀರವಾಗಿ ಎಣಿಸಿರಲಿಲ್ಲ. ಬಿರುಕಿನ ಮುಖದ ಮೇಲೆ ಬಣ್ಣ ಸಿಕ್ಕಿತು. ಅಂದರೆ ಯಾರ್ಡಿನಲ್ಲಿ ಬಣ್ಣ ಬಳಿಯುವ ಮೊದಲೇ ಅದು ಅಲ್ಲಿತ್ತು. ಈ ಕತೆ ಓದಿದ ಮೇಲೆ ಏಣಿಯ ಮೆಟ್ಟಿಲು, ಪೈಪಿನ ಕ್ಲಾಂಪು, ಕೇಬಲ್ಲಿನ ಕೊಕ್ಕೆ, ಯಾವ ಸಣ್ಣ ಬೆಸುಗೆಯನ್ನೂ ನಾನು ಸಣ್ಣದೆಂದು ದಾಟಿ ಹೋದವನಲ್ಲ.

ಬೆಸುಗೆಯನ್ನು ಗುಣಪಡಿಸುವುದೂ ಒಂದು ಕಲೆ. ಬಿರುಕಿನ ತುದಿಯಲ್ಲಿ ತೂತು ಕೊರೆದರೆ ಅದರ ಚೂಪು ಹೋಗಿ ಕೆಲಕಾಲ ನಿಲ್ಲುತ್ತದೆ, ಬಂದರು ಮುಟ್ಟುವವರೆಗಿನ ಉಪಾಯ. ಸರಿಯಾದ ದಾರಿಯೆಂದರೆ ಕೊರೆದು ತೆಗೆದು, ಹೊಸದಾಗಿ ಬೆಸೆದು, ಆ ಅಂಚನ್ನು ಬರ್ ಗ್ರೈಂಡರಿನಿಂದ ಕೊರಕಲಿಗಿಂತ ಕನಿಷ್ಠ ಅರ್ಧ ಮಿಲಿಮೀಟರ್ ಆಳಕ್ಕೆ ದುಂಡಗೆ ತೀಡುವುದು. ಕಿಟ್ಟ ಹೊಕ್ಕ ಪದರವೇ ಹೋಗಿಬಿಡುತ್ತದೆ. ಅಷ್ಟಕ್ಕೇ ತಾಳುವ ಒತ್ತಡ ಒಂದು ಪಾಯಿಂಟ್ ಮೂರು ಪಟ್ಟಾಗುತ್ತದೆ, ಆಯುಷ್ಯ ಇಮ್ಮಡಿಗಿಂತ ಹೆಚ್ಚುತ್ತದೆ. ಒಬ್ಬ ಮನುಷ್ಯ ಮೊಣಕಾಲೂರಿ ಮಾಡುವ ಕೆಲವು ನಿಮಿಷಗಳ ಕೆಲಸ.

ಶಾಪಿನಲ್ಲಿ ಇದನ್ನೆಲ್ಲ ಇಷ್ಟು ಉದ್ದ ಹೇಳಲಿಲ್ಲ. ಮೂತಿಯ ಮೇಲೆ ಹಿಂದಿನ ವರ್ಷ ಬಲಕ್ಕೆಂದು ಹಾಕಿದ್ದ ಪಟ್ಟಿಯ ತುದಿ ಚೌಕವಾಗಿತ್ತು, ಅಡ್ಡಕ್ಕೆ ಬೆಸೆದಿದ್ದರು. ಗಟ್ಟಿಯಾದ ಪಟ್ಟಿ ಥಟ್ಟನೆ ಮುಗಿಯುವ ಆ ಅಡ್ಡಗೆರೆಯಲ್ಲೇ ಬಿರುಕು ಹುಟ್ಟಿದ್ದು. ಹೊಸ ಪಟ್ಟಿಯ ತುದಿಯನ್ನು ವೀಳ್ಯದೆಲೆಯ ಹಾಗೆ ನೀಳವಾಗಿ ಸಣ್ಣಗಾಗಿಸಿ ಕತ್ತರಿಸಲು ಕೇಳಿಕೊಂಡೆ. ವೆಲ್ಡರ್ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಸುಣ್ಣದ ಕಡ್ಡಿಯಲ್ಲಿ ತಗಡಿನ ಮೇಲೆ ನನಗಿಂತ ಚೆಂದದ ಎಲೆ ಬರೆದರು. ಬೆಸೆದಾದ ಮೇಲೆ ಅಂಚನ್ನು ತೀಡಿದರು. ಗ್ರೈಂಡರಿನ ಗೀರುಗಳು ಅಡ್ಡಕ್ಕೆ ಬೀಳದೆ ಎಳೆತದ ದಿಕ್ಕಿಗೇ ಇರಬೇಕು ಎಂದಾಗ, ಏಕೆಂದು ಕೇಳದೆ, ಮೈ ತಿರುಗಿಸಿ ಕೂತು ಮತ್ತೊಮ್ಮೆ ಅದೇ ದಿಕ್ಕಿಗೆ ಎಳೆದರು.

ಹೊರಡುವ ಮೊದಲು ಇನ್ನೊಂದು ಕೆಲಸ ಮಾಡಿದೆವು. ಕೆಂಪು ದ್ರವ ಅಲ್ಲಿ ಎಲ್ಲಿ ಬರಬೇಕು? ರೈಲ್ವೆ ಕಾರ್ಖಾನೆಗಳ ಹಳೆಯ ಉಪಾಯ ನೆನಪಿತ್ತು. ಟ್ರೈಲರಿನ ಉಳಿದ ಬೆಸುಗೆಗಳಿಗೆಲ್ಲ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ ಬಿಸಿಲಿಗೆ ಬಿಟ್ಟೆವು. ಯಜಮಾನರು ಟೀ ತರಿಸಿದರು. ಟೀ ಮುಗಿಯುವ ಹೊತ್ತಿಗೆ ಹಿಂಬದಿಯ ಹಲಗೆಯ ಕಂಬವೊಂದರ ಬುಡದಲ್ಲಿ, ಬೆಸುಗೆಯ ಅಂಚಿಗೆ ಅಂಟಿಕೊಂಡಂತೆ, ಉಗುರಿನುದ್ದದ ಒದ್ದೆ ಗೆರೆ ಮೂಡಿತ್ತು. ವೆಲ್ಡರ್ ಬಗ್ಗಿ ನೋಡಿದರು. ಪಂಚ್ ತೆಗೆದುಕೊಂಡು ಗೆರೆಯ ಆ ತುದಿಗೊಂದು, ಈ ತುದಿಗೊಂದು ಚುಕ್ಕೆ ಹೊಡೆದರು. ಪಕ್ಕದಲ್ಲಿ ಬಣ್ಣದ ಕಡ್ಡಿಯಿಂದ ಆ ದಿನದ ತಾರೀಖು ಬರೆದು, ಮುಂದಿನ ಸೋಮವಾರ ಟ್ರೈಲರ್ ಖಾಲಿ ಮಾಡಿ ತರಬೇಕೆಂದು ಯಜಮಾನರಿಗೆ ಹೇಳಿದರು.